ಸ್ಟ್ಯಾಂಡ್‌ಅಪ್ ಮಾಡುವವರು ಒಳ್ಳೆಯ ನಿರೂಪಕರಾಗುವುದು ಹೇಗೆ

ಸ್ಟ್ಯಾಂಡ್‌ಅಪ್, ಅಂದರೆ ವೇದಿಕೆಯಲ್ಲಿ ಒಬ್ಬರೇ ನಿಂತು ಜೋಕ್ ಹೇಳಿ ನಗಿಸುವ ಕೆಲಸ, ಮಾಡುತ್ತಾ ಸ್ವಲ್ಪ ಹೆಸರಾದ ಮೇಲೆ ಬಹಳ ಜನರಿಗೆ ಇಂಥದ್ದೊಂದು ಫೋನ್ ಬರುತ್ತದೆ. "ನಮ್ಮ ಕಾರ್ಯಕ್ರಮ ನೀವೇ ನಡೆಸಿಕೊಡಬೇಕು, ಹೇಗೂ ಚೆನ್ನಾಗಿ ನಗಿಸ್ತೀರಲ್ವಾ." ಖುಷಿಯಿಂದ ಒಪ್ಪಿಕೊಳ್ಳುತ್ತಾರೆ. ಅಲ್ಲಿ ಹೋಗಿ ನಿಂತ ಮೇಲೆ ಇದು ಬೇರೆಯೇ ಕೆಲಸ ಅಂತ ಗೊತ್ತಾಗುತ್ತದೆ. ಮೈಕ್ ಅದೇ, ವೇದಿಕೆ ಅದೇ, ಎದುರಿಗೆ ಕೂತ ಜನರೂ ಹೆಚ್ಚು ಕಡಿಮೆ ಅಂಥವರೇ. ಆದರೆ ಸ್ಟ್ಯಾಂಡ್‌ಅಪ್‌ನಲ್ಲಿ ನಗು ನಿಮಗೆ ಸೇರಬೇಕು, ನಿರೂಪಣೆಯಲ್ಲಿ ಅದು ನಿಮ್ಮ ಪಕ್ಕದಲ್ಲಿ ಕೂತವರಿಗೆ ಅಥವಾ ನಿಮ್ಮ ನಂತರ ಬರುವವರಿಗೆ ಸೇರಬೇಕು. ನನ್ನ ಪ್ರಕಾರ ಇಡೀ ವಿಷಯ ಇಷ್ಟೇ. ಉಳಿದದ್ದೆಲ್ಲ ಈ ಒಂದು ಬದಲಾವಣೆಗೆ ನಾಲಿಗೆ, ಕಿವಿ, ಮೈ ಎಲ್ಲವನ್ನೂ ಪಳಗಿಸುವ ಕೆಲಸ.

ಈ ದಾರಿಯಲ್ಲಿ ಹೋದವರು ಬೇಕಾದಷ್ಟು ಜನ ಇದ್ದಾರೆ. ಅಮೆರಿಕದ ಟಿವಿಯಲ್ಲಿ ಡೇವಿಡ್ ಲೆಟರ್‌ಮನ್, ಜೇ ಲೆನೊ, ಎಲೆನ್ ಡಿಜೆನೆರೆಸ್, ಜಾನ್ ಸ್ಟೂವರ್ಟ್, ಟ್ರೆವರ್ ನೋವಾ, ಸ್ಟೀವ್ ಹಾರ್ವಿ, ಬ್ರಿಟನ್ ಟಿವಿಯಲ್ಲಿ ಗ್ರಹಾಂ ನಾರ್ಟನ್, ನಮಗೆಲ್ಲ ಗೊತ್ತಿರುವ ಕಪಿಲ್ ಶರ್ಮಾ. ಇವರೆಲ್ಲ ಮೊದಲು ಒಂಟಿಯಾಗಿ ಮೈಕ್ ಮುಂದೆ ನಿಂತು ಕಲಿತವರು. ಅವರ ವೃತ್ತಿಜೀವನ ಗಮನಿಸಿದರೆ ಯಾವ ಹಂತದಲ್ಲಿ ಏನು ಮಾಡಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ ಅನ್ನುವುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಮೊದಲು ನಿಮ್ಮ ಐದು ನಿಮಿಷ ಗಟ್ಟಿಯಾಗಲಿ

ನಿರೂಪಕರಾಗಬೇಕು ಅನ್ನುವ ಆಸೆಯಲ್ಲಿ ಸ್ಟ್ಯಾಂಡ್‌ಅಪ್ ಅನ್ನು ಬೇಗ ಮುಗಿಸಿಬಿಡಬೇಡಿ. ಯಾರು ಬೇಕಾದರೂ ಬಂದು ಪ್ರಯತ್ನಿಸಬಹುದಾದ ಓಪನ್ ಮೈಕ್‌ಗಳಲ್ಲಿ ಯಾರೂ ನಗದ ರಾತ್ರಿಗಳು ಕಲಿಸುವುದನ್ನು ಯಾವ ನಿರೂಪಣಾ ತರಬೇತಿಯೂ ಕಲಿಸುವುದಿಲ್ಲ. ಮೊದಲು ಐದು ನಿಮಿಷದ ಒಂದು ಸೆಟ್, ಅಂದರೆ ಜೋಕ್‌ಗಳ ಒಂದು ಸರಣಿ, ಸಿದ್ಧವಾಗಲಿ, ಯಾವ ಊರಿನಲ್ಲಿ, ಯಾವ ಜನರ ಮುಂದೆ ಹೇಳಿದರೂ ನಿಲ್ಲುವಂಥದ್ದು. ಪ್ರತಿ ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ಕೇಳುವಾಗ ಜೋಕ್‌ಗಿಂತ ಜಾಸ್ತಿ ಗಮನ ಕೊಡಬೇಕಾದ್ದು ನಗುವಿನ ಮೇಲೆ. ಎಲ್ಲಿ ಶುರುವಾಯಿತು, ಎಷ್ಟು ಹೊತ್ತು ಇತ್ತು, ಅದು ಮುಗಿಯುವ ಮೊದಲೇ ನೀವು ಬಾಯಿ ಹಾಕಿದಿರಾ? ನಗು ಏರಿ ಇಳಿಯಲು ಶುರುವಾದಾಗ ಮುಂದಿನ ಮಾತು ಬರಬೇಕು. ಈ ಅಳತೆ ಮುಂದೆ ಅತಿಥಿಯ ಮಾತಿಗೆ ಜನ ನಗುವಾಗ ನೀವು ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದಕ್ಕೂ ಬೇಕಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಜನ ನಿರೂಪಕರಲ್ಲಿ ಹುಡುಕುವುದು ಒಂದು ದೃಷ್ಟಿಕೋನವನ್ನು. ಇವರು ಲೋಕವನ್ನು ಹೇಗೆ ನೋಡುತ್ತಾರೆ, ಯಾವುದಕ್ಕೆ ಕೆರಳುತ್ತಾರೆ, ಯಾವುದಕ್ಕೆ ಕರಗುತ್ತಾರೆ ಅಂತ. ಅದು ಸ್ಟ್ಯಾಂಡ್‌ಅಪ್‌ನಲ್ಲೇ ರೂಪುಗೊಳ್ಳಬೇಕು. ಇಲ್ಲದಿದ್ದರೆ ಕೈಗೆ ಕೊಟ್ಟ ಸ್ಕ್ರಿಪ್ಟ್ ಓದುವ ಚೆಂದದ ಧ್ವನಿ ಮಾತ್ರ ಉಳಿಯುತ್ತದೆ, ಅಂಥ ಧ್ವನಿಗಳಿಗೆ ಬರವಿಲ್ಲ.

ಕಾಮಿಡಿ ಶೋಗಳಲ್ಲಿ ಎಂಸಿ ಕೆಲಸವನ್ನು ಕೇಳಿ ಪಡೆಯಿರಿ

ಸ್ಟ್ಯಾಂಡ್‌ಅಪ್‌ಗೂ ನಿರೂಪಣೆಗೂ ನಡುವೆ ಒಂದು ಸೇತುವೆ ಇದೆ, ಅದು ಕಾಮಿಡಿ ಶೋದ ಎಂಸಿ ಕೆಲಸ, ಅಂದರೆ ಕಲಾವಿದರನ್ನು ಒಬ್ಬೊಬ್ಬರಾಗಿ ಪರಿಚಯಿಸುತ್ತಾ ಶೋ ನಡೆಸಿಕೊಡುವುದು. ಬಹಳ ಜನ ಇದನ್ನು ಚಿಕ್ಕ ಕೆಲಸ ಅಂದುಕೊಂಡು ತಪ್ಪಿಸಿಕೊಳ್ಳುತ್ತಾರೆ. ನನಗೆ ಇದು ಅತ್ಯಂತ ಬೆಲೆಬಾಳುವ ಶಾಲೆ ಅನ್ನಿಸುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಂಸಿ ಮೊದಲು ಬರುತ್ತಾರೆ. ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ, ಫೋನ್ ನೋಡುತ್ತಿರುತ್ತಾರೆ, ನಗುವ ಮನಸ್ಸಿಗೆ ಇನ್ನೂ ಬಂದಿರುವುದಿಲ್ಲ. ಆ ಏಳೆಂಟು ನಿಮಿಷದಲ್ಲಿ ನಿಮ್ಮ ಅತ್ಯುತ್ತಮ ಜೋಕ್‌ಗಳನ್ನು ಹೇಳಿ ಮೆರೆಯುವುದು ಕೆಲಸವಲ್ಲ. ಬೇರೆ ಬೇರೆಯಾಗಿ ಬಂದ ಜನರನ್ನು ಒಂದು ಗುಂಪು ಮಾಡುವುದು ಕೆಲಸ. ಅವರು ಒಟ್ಟಿಗೆ ಒಂದು ಸಲ ಚಪ್ಪಾಳೆ ತಟ್ಟಬೇಕು, ಒಟ್ಟಿಗೆ ಒಂದು ಸಲ ನಗಬೇಕು, ಪಕ್ಕದವರೂ ನಗುತ್ತಿದ್ದಾರೆ ಅಂತ ಅವರಿಗೆ ತಿಳಿಯಬೇಕು. ಆಮೇಲೆ ಬರುವ ಕಲಾವಿದರಿಗೆ ಬೆಚ್ಚಗಿನ ಸಭೆ ಸಿಗುತ್ತದೆ.

ಪ್ರತಿ ಕಲಾವಿದರ ನಂತರ ಮತ್ತೆ ಬರುವುದು ಎಂಸಿಯೇ. ಹಿಂದಿನವರು ಚೆನ್ನಾಗಿ ಮಾಡಿದ್ದರೆ ನೀವು ಹೆಚ್ಚು ಮಾತಾಡಬೇಕಾಗಿಲ್ಲ. ಅವರ ಹೆಸರು ಇನ್ನೊಮ್ಮೆ ಹೇಳಿ, ಚಪ್ಪಾಳೆ ಹಾಕಿಸಿ, ಮುಂದಿನವರನ್ನು ಕರೆಯಿರಿ. ಅವರದ್ದು ಮಂಕಾಗಿದ್ದರೆ, ಯಾರೂ ನಗದೆ ಸಭೆ ಬಿಗಿಯಾಗಿದ್ದರೆ, ಎರಡು ನಿಮಿಷ ನಿಂತು ನಿಮ್ಮ ಗಟ್ಟಿ ಜೋಕ್ ಒಂದನ್ನು ಅಲ್ಲಿ ಖರ್ಚು ಮಾಡಿ. ಅದಕ್ಕಾಗಿಯೇ ಒಂದನ್ನು ಉಳಿಸಿಟ್ಟುಕೊಂಡಿರಬೇಕು. ಸೋತವರ ಬಗ್ಗೆ ಮಾತ್ರ ಒಂದಕ್ಷರ ಚುಚ್ಚಬೇಡಿ. ಸಭೆ ಆ ಕ್ಷಣಕ್ಕೆ ನಗಬಹುದು, ಆದರೆ ನಿಮ್ಮ ಮೇಲಿನ ನಂಬಿಕೆ ಅಲ್ಲೇ ಒಂದಿಷ್ಟು ಕಡಿಮೆಯಾಗುತ್ತದೆ, ಒಳಗೆ ಕಾಯುತ್ತಿರುವ ಕಲಾವಿದರೂ ಅದನ್ನು ಮರೆಯುವುದಿಲ್ಲ.

ಪರಿಚಯಿಸುವುದೇ ಒಂದು ಕಲೆ. ಸಾಮಾನ್ಯವಾಗಿ ಕೇಳಿಬರುವುದು ಹೀಗೆ: "ಈಗ ಬರ್ತಾ ಇರೋರು ಸಖತ್ ಕಾಮಿಡಿಯನ್, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತೆ, ಅವರ ಮದುವೆ ಜೋಕ್‌ಗಳಂತೂ ಕೇಳಲೇಬೇಕು, ಅವರ ಹೆಸರು ಇಂಥವರು, ದಯವಿಟ್ಟು ಎಲ್ಲರೂ ಜೋರಾದ ಚಪ್ಪಾಳೆಯೊಂದಿಗೆ ಅವರನ್ನು ವೇದಿಕೆಗೆ ಬರಮಾಡಿಕೊಳ್ಳೋಣ." ಇದರಲ್ಲಿ ಮೂರು ತೊಂದರೆ ಇವೆ. ನಿರೀಕ್ಷೆ ಏರಿಸಿಬಿಟ್ಟಿರಿ, ಇನ್ನು ಅವರು ಸಾಧಾರಣವಾಗಿ ಮಾಡಿದರೂ ಕಡಿಮೆ ಅನ್ನಿಸುತ್ತದೆ. ಅವರ ವಿಷಯವನ್ನು ನೀವೇ ಬಿಟ್ಟುಕೊಟ್ಟಿರಿ. ಮೂರನೆಯದು ಕನ್ನಡದಲ್ಲಿ ನಿರೂಪಿಸುವವರಿಗೆ ವಿಶೇಷವಾಗಿ ಕಾಡುವಂಥದ್ದು. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಹಾಗಾಗಿ ಹೆಸರು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಜನ ಹೆಸರು ಕೇಳಿದ ಕೂಡಲೇ ಚಪ್ಪಾಳೆ ತಟ್ಟುತ್ತಾರೆ, ಉಳಿದ ಅರ್ಧ ವಾಕ್ಯ ಆ ಸದ್ದಿನಲ್ಲಿ ಮುಳುಗುತ್ತದೆ, ಕಲಾವಿದರು ಪರದೆ ಪಕ್ಕದಲ್ಲಿ ಬರಬೇಕೋ ಬೇಡವೋ ಅಂತ ನಿಂತಿರುತ್ತಾರೆ. ಅದರ ಬದಲು ವಾಕ್ಯವನ್ನೇ ತಿರುಗಿಸಿ. "ಮುಂದಿನ ಕಲಾವಿದರು ಬರ್ತಿದ್ದಾರೆ, ಚಪ್ಪಾಳೆ ಈಗಲೇ ಶುರುವಾಗಲಿ, ಇನ್ನೂ ಜೋರಾಗಿ," ಅಂದು, ಸದ್ದು ಏರುತ್ತಿರುವಾಗ ಕೊನೆಯಲ್ಲಿ ಹೆಸರೊಂದನ್ನೇ ಹೇಳಿ. ಹೆಸರಿನ ನಂತರ ಒಂದು ಶಬ್ದವೂ ಬೇಡ. ಮೈಕ್ ಕೊಟ್ಟು, ಕೈಕುಲುಕಿ, ಅವರು ಬರುವ ದಾರಿಗೆ ಅಡ್ಡ ಬರದ ಹಾಗೆ ಇನ್ನೊಂದು ಕಡೆಯಿಂದ ಇಳಿದುಬಿಡಿ.

ಹೆಸರಿನ ಉಚ್ಚಾರಣೆಯನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ, ಪೋಸ್ಟರ್ ನೋಡಿ ಊಹಿಸಬೇಡಿ.

ಸಭಿಕರ ಜೊತೆ ಮಾತು

ಕ್ರೌಡ್ ವರ್ಕ್ ಅಂದರೆ ಮುಂದಿನ ಸಾಲಿನವರನ್ನು ಗೋಳು ಹೊಯ್ದುಕೊಳ್ಳುವುದು ಅಂತ ಬಹಳ ಜನ ತಿಳಿದಿದ್ದಾರೆ. ನಿರೂಪಕರಾಗಬೇಕು ಅಂದುಕೊಂಡವರು ಅದನ್ನು ಬೇರೆ ರೀತಿಯಲ್ಲಿ ಅಭ್ಯಾಸ ಮಾಡಬೇಕು. ಒಬ್ಬರನ್ನು ಮಾತಾಡಿಸಿ, ಅವರ ಉತ್ತರವೇ ಸಭೆಯನ್ನು ನಗಿಸುವ ಹಾಗೆ ಮಾಡಿ. ಉದಾಹರಣೆಗೆ, ಒಬ್ಬರನ್ನು ಏನು ಕೆಲಸ ಮಾಡುತ್ತೀರಿ ಅಂತ ಕೇಳಿದಿರಿ. "ಅಕೌಂಟೆಂಟ್" ಅಂದರು. ಅಕೌಂಟೆಂಟ್‌ಗಳ ಬಗ್ಗೆ ಮೊದಲೇ ಬರೆದಿಟ್ಟ ಜೋಕ್ ಒಗೆಯುವುದು ಸುಲಭ. ಅದರ ಬದಲು "ಜೊತೆಯಲ್ಲಿ ಬಂದವರು ಯಾರು?" ಅಂತ ಕೇಳಿ. "ತಮ್ಮ." "ಟಿಕೆಟ್ ದುಡ್ಡು ಯಾರು ಕೊಟ್ಟರು?" ಅವರು ಒಂದು ಕ್ಷಣ ತಡೆದು "ಅವನೇ" ಅನ್ನುತ್ತಾರೆ. ಸಭೆ ನಗುತ್ತದೆ. ನೀವು ಜೋಕ್ ಹೇಳಲೇ ಇಲ್ಲ, ಸರಿಯಾದ ಎರಡು ಪ್ರಶ್ನೆ ಕೇಳಿದಿರಿ ಅಷ್ಟೆ. ಈಗ ತಮ್ಮನ ಕಡೆ ತಿರುಗಿ ಸುಮ್ನೆ ನೋಡಿ, ಇನ್ನೊಂದು ನಗು ಬರುತ್ತದೆ.

ಟ್ರೆವರ್ ನೋವಾ 2015ರಿಂದ 2022ರವರೆಗೆ 'ದಿ ಡೈಲಿ ಶೋ' ಅನ್ನುವ ಸುದ್ದಿ ವಿಡಂಬನೆಯ ಕಾರ್ಯಕ್ರಮ ನಡೆಸುವಾಗ, ಕ್ಯಾಮೆರಾ ವಿರಾಮದಲ್ಲಿ ಸ್ಟುಡಿಯೊದ ಜನರ ಜೊತೆ ಆಡುತ್ತಿದ್ದ ಮಾತುಗಳನ್ನೂ ರೆಕಾರ್ಡ್ ಮಾಡಿ ಬೇರೆಯಾಗಿ ಆನ್‌ಲೈನ್‌ನಲ್ಲಿ ಹಾಕುತ್ತಿದ್ದರು. ಬರೆದಿಟ್ಟ ಭಾಗಕ್ಕಿಂತ ಅದೇ ಇಷ್ಟ ಅನ್ನುವವರು ಎಷ್ಟೋ ಜನ. ಆ ತುಣುಕುಗಳನ್ನು ಕಲಿಯುವ ಕಣ್ಣಿನಿಂದ ನೋಡಿ. ಒಂದು ಪ್ರಶ್ನೆ ಬರುತ್ತದೆ, ಅವರು ಅದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ತನ್ನದೇ ಬದುಕಿನ ಒಂದು ಸಂಗತಿಗೆ ಜೋಡಿಸುತ್ತಾರೆ, ಮತ್ತೆ ಸಭೆಗೆ ತರುತ್ತಾರೆ.

ಅತಿಥಿ ಎದುರಿಗೆ ಕೂತಾಗ

ಇಲ್ಲಿಯೇ ಒಳ್ಳೊಳ್ಳೆಯ ಕಾಮಿಡಿಯನ್‌ಗಳು ತಡವರಿಸುತ್ತಾರೆ. ಕಾರಣ ಸರಳ. ಸ್ಟ್ಯಾಂಡ್‌ಅಪ್ ಮಾಡುವವರಿಗೆ ಮೌನ ಅಂದರೆ ಸೋಲು, ಹಾಗಾಗಿ ಅತಿಥಿ ಯೋಚಿಸಲು ಎರಡು ಸೆಕೆಂಡ್ ತೆಗೆದುಕೊಂಡರೂ ಇವರು ಜೋಕ್ ತುಂಬಿಬಿಡುತ್ತಾರೆ. ಅತಿಥಿ ಹೇಳಹೊರಟಿದ್ದ ಅತ್ಯುತ್ತಮ ಮಾತು ಎಷ್ಟೋ ಸಲ ಆ ಎರಡು ಸೆಕೆಂಡಿನ ಆಚೆ ಇರುತ್ತದೆ.

ಜಾನಿ ಕಾರ್ಸನ್ 1962ರಿಂದ 1992ರವರೆಗೆ, ಮೂವತ್ತು ವರ್ಷ, ಅಮೆರಿಕದ ರಾತ್ರಿಯ ಟಾಕ್ ಶೋ 'ದಿ ಟುನೈಟ್ ಶೋ' ನಡೆಸಿದರು. ಅದಕ್ಕೂ ಮೊದಲು ಐದು ವರ್ಷ ಒಂದು ಗೇಮ್ ಶೋದಲ್ಲಿ ಸಾಮಾನ್ಯ ಜನರನ್ನು ಮಾತಾಡಿಸುತ್ತಿದ್ದರು. ಹಳೆಯ ವಿಡಿಯೊಗಳಲ್ಲಿ ಅವರ ಮುಖ ಮಾತ್ರ ನೋಡುತ್ತಾ ಕೂತರೆ ಒಂದು ಪಾಠ ಸಿಗುತ್ತದೆ. ಅತಿಥಿ ನಗಿಸುತ್ತಿದ್ದರೆ ಇವರು ಹಿಂದಕ್ಕೆ ಒರಗುತ್ತಾರೆ, ಹುಬ್ಬು ಏರಿಸುತ್ತಾರೆ, ಮನಸಾರೆ ನಗುತ್ತಾರೆ, ಬಾಯಿ ಹಾಕುವುದಿಲ್ಲ. ಅತಿಥಿ ಸೋಲುತ್ತಿದ್ದರೆ ಒಂದೇ ಸಾಲಿನಲ್ಲಿ ಎತ್ತುತ್ತಾರೆ. ಹೊಸ ಕಾಮಿಡಿಯನ್ ಒಬ್ಬರು ಸೆಟ್ ಮುಗಿಸಿದ ಮೇಲೆ ಕಾರ್ಸನ್ ಕೈಬೀಸಿ ಸೋಫಾಗೆ ಕರೆದರೆ ಅವರ ಬದುಕೇ ಬದಲಾಗುತ್ತಿತ್ತು. 1986ರಲ್ಲಿ ಎಲೆನ್ ಡಿಜೆನೆರೆಸ್ ಮೊದಲ ಸಲ ಅಲ್ಲಿ ಬಂದಾಗಲೇ ಹಾಗೆ ಕರೆಸಿಕೊಂಡರು. ಮೊದಲ ಬಾರಿಗೇ ಆ ಕರೆ ಪಡೆದ ಮೊದಲ ಮಹಿಳಾ ಕಾಮಿಡಿಯನ್ ಅವರು. 2003ರಲ್ಲಿ ಅವರದ್ದೇ ಟಾಕ್ ಶೋ ಶುರುವಾಗಿ 2022ರವರೆಗೆ ನಡೆಯಿತು.

ಪ್ರಶ್ನೆಗಳ ವಿಷಯಕ್ಕೆ ಬರೋಣ. "ಈ ಸಿನಿಮಾದಲ್ಲಿ ಕೆಲಸ ಮಾಡಿದ ಅನುಭವ ಹೇಗಿತ್ತು?" ಅಂತ ಕೇಳಿದರೆ "ತುಂಬಾ ಚೆನ್ನಾಗಿತ್ತು, ಇಡೀ ತಂಡ ಒಂದು ಕುಟುಂಬದ ಹಾಗಿತ್ತು" ಅನ್ನುವ ಉತ್ತರವೇ ಬರುವುದು. ತಪ್ಪು ಅತಿಥಿಯದಲ್ಲ. ಅದೇ "ಆ ಮಳೆ ಸೀನ್‌ನಲ್ಲಿ ಎಷ್ಟು ಹೊತ್ತು ನೆನೆದುಕೊಂಡೇ ನಿಂತಿದ್ದಿರಿ?" ಅಂತ ಕೇಳಿ ನೋಡಿ. ಹೊತ್ತು ಹೇಳುತ್ತಾರೆ, ನಡುಗಿದ್ದು ಹೇಳುತ್ತಾರೆ, ಯಾರೋ ಕಂಬಳಿ ತಂದುಕೊಟ್ಟದ್ದು ಹೇಳುತ್ತಾರೆ, ಆ ಕಂಬಳಿ ಇನ್ಯಾರದ್ದೋ ಆಗಿತ್ತು ಅಂತ ಹೇಳುತ್ತಾರೆ. ಒಂದು ಪ್ರಶ್ನೆ ಒಂದು ಸಂಗತಿಯನ್ನು ಹಿಡಿದಿರಬೇಕು. ದೊಡ್ಡ ಕಾರ್ಯಕ್ರಮಗಳಲ್ಲಿ ನಿರ್ಮಾಣ ತಂಡದವರೊಬ್ಬರು ಅತಿಥಿಯ ಜೊತೆ ಮೊದಲೇ ಮಾತಾಡಿ, ಯಾವ ಕಥೆಗಳು ಚೆನ್ನಾಗಿವೆ ಅಂತ ಗುರುತಿಸಿ ನಿರೂಪಕರಿಗೆ ಟಿಪ್ಪಣಿ ಕೊಡುತ್ತಾರೆ. ನಿಮಗೆ ಅಂಥ ತಂಡ ಇಲ್ಲದಿದ್ದರೆ ನೀವೇ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿ. ಆಗ ಕೇಳಿದ ಕಥೆಗೆ ಆಗಲೇ ಜಾಸ್ತಿ ನಗಬೇಡಿ, ವೇದಿಕೆಯ ಮೇಲೆ ಅವರು ಅದನ್ನು ಎರಡನೇ ಸಲ ಹೇಳಬೇಕು. ಕಥೆಯ ಕೊನೆಯನ್ನು ನಿಮ್ಮ ಪ್ರಶ್ನೆಯಲ್ಲೇ ಹೇಳಿಬಿಡುವ ಅಭ್ಯಾಸವನ್ನಂತೂ ಮೊದಲ ದಿನದಿಂದಲೇ ಬಿಡಿ. "ನಿಮ್ಮ ಮೊದಲ ಆಡಿಷನ್‌ನಲ್ಲಿ ಬೇರೆ ಸಿನಿಮಾದ ಆಫೀಸಿಗೆ ಹೋಗಿಬಿಟ್ಟಿದ್ದಿರಂತಲ್ಲ, ಅದರ ಬಗ್ಗೆ ಹೇಳಿ" ಅಂದರೆ ಅವರಿಗೆ ಹೇಳಲು ಏನು ಉಳಿಯಿತು? "ಮೊದಲ ಆಡಿಷನ್ ದಿನ ಏನಾಯ್ತು?" ಸಾಕು.

ಕ್ರೇಗ್ ಫರ್ಗುಸನ್ ತಮ್ಮ ಲೇಟ್ ನೈಟ್ ಕಾರ್ಯಕ್ರಮದಲ್ಲಿ ಅತಿಥಿ ಕೂತ ಕೂಡಲೇ ಪ್ರಶ್ನೆಗಳ ಕಾರ್ಡ್‌ಗಳನ್ನು ಅವರ ಎದುರೇ ಹರಿದು ಎಸೆಯುತ್ತಿದ್ದರು. ನೋಡಲು ತಮಾಷೆ, ಆದರೆ ಅತಿಥಿಗೆ ಅದರಿಂದ "ಈಗ ಸುಮ್ನೆ ಮಾತಾಡೋಣ" ಅನ್ನುವ ಸಂದೇಶ ಹೋಗುತ್ತಿತ್ತು. ನೀವು ಹರಿಯಬೇಕಾಗಿಲ್ಲ. ಎಲ್ಲ ಸಿದ್ಧತೆ ಮಾಡಿಕೊಂಡು ಹೋಗಿ, ಮಾತು ಬೇರೆ ಕಡೆ ಹೊರಟರೆ ಅದರ ಹಿಂದೆ ಹೋಗುವಷ್ಟು ಧೈರ್ಯ ಇಟ್ಟುಕೊಳ್ಳಿ. ಗ್ರಹಾಂ ನಾರ್ಟನ್ ಅತಿಥಿಗಳನ್ನೆಲ್ಲ ಒಂದೇ ಸೋಫಾದಲ್ಲಿ ಒಟ್ಟಿಗೆ ಕೂರಿಸುತ್ತಾರೆ. ಒಬ್ಬರ ಕಥೆಗೆ ಇನ್ನೊಬ್ಬರು ನಗುತ್ತಾರೆ, ತಮ್ಮದೊಂದನ್ನು ಸೇರಿಸುತ್ತಾರೆ, ನಿರೂಪಕರು ಮಾತಿನ ದಿಕ್ಕು ಮಾತ್ರ ನೋಡಿಕೊಂಡರೆ ಸಾಕು. ಇಬ್ಬರು ಮೂವರು ಅತಿಥಿಗಳು ಸಿಗುವ ಕಡೆ ಈ ಕ್ರಮವನ್ನು ಖಂಡಿತ ಪ್ರಯತ್ನಿಸಿ.

ಕಪಿಲ್ ಶರ್ಮಾ ಕೂಡ ಇದೇ ಸೂಕ್ಷ್ಮ ಹಿಡಿದವರು. 2007ರಲ್ಲಿ 'ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್' ಗೆದ್ದಾಗ ಅವರು ಒಬ್ಬರೇ ನಿಂತು ನಗಿಸುವವರು. 2013ರಲ್ಲಿ ಸ್ವಂತ ಕಾರ್ಯಕ್ರಮ ಶುರುಮಾಡಿದಾಗ ಸುತ್ತ ಒಂದು ದೊಡ್ಡ ಪಾತ್ರವರ್ಗವನ್ನೇ ಇಟ್ಟುಕೊಂಡರು. ಎಷ್ಟೋ ಕಂತುಗಳಲ್ಲಿ ದೊಡ್ಡ ನಗು ಆ ಪಾತ್ರಗಳಿಗೇ ಹೋಗುತ್ತದೆ, ಕಪಿಲ್ ಎಳೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದಾಗಲೂ ಆ ಚೌಕಟ್ಟನ್ನು ಬಿಡಲಿಲ್ಲ.

ಕ್ಯಾಮೆರಾ, ಇಯರ್‌ಪೀಸ್, ಟೆಲಿಪ್ರಾಂಪ್ಟರ್

ಇವು ತಾಂತ್ರಿಕ ವಿಷಯಗಳು, ಮನೆಯಲ್ಲೇ ಕಲಿಯಬಹುದು, ಹೆದರಬೇಕಾಗಿಲ್ಲ.

ಕಿವಿಯೊಳಗಿನ ಇಯರ್‌ಪೀಸ್‌ನಲ್ಲಿ ಕಂಟ್ರೋಲ್ ರೂಮಿನವರು ಮಾತಾಡುತ್ತಲೇ ಇರುತ್ತಾರೆ. "ಇನ್ನು ಮೂವತ್ತು ಸೆಕೆಂಡ್, ಕ್ಯಾಮೆರಾ ಎರಡಕ್ಕೆ ತಿರುಗಿ, ಮುಂದಿನ ಅತಿಥಿ ಇನ್ನೂ ಸಿದ್ಧವಿಲ್ಲ, ಎಳೆಯಿರಿ." ಅದೇ ಹೊತ್ತಿಗೆ ನೀವು ನಗುತ್ತಾ ಮಾತಾಡುತ್ತಿರಬೇಕು. ಅಭ್ಯಾಸಕ್ಕೆ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಸುದ್ದಿ ಹಚ್ಚಿಕೊಳ್ಳಿ, ಅದು ನಡೆಯುತ್ತಿರುವಾಗಲೇ ನಿಮ್ಮ ಸೆಟ್ ಅನ್ನು ಗಟ್ಟಿಯಾಗಿ ಹೇಳಿ. ಮೊದಮೊದಲು ನಾಲಿಗೆ ತೊಡರುತ್ತದೆ. ಆಮೇಲೆ ಸೆಟ್ ಮುಗಿಸಿ ಸುದ್ದಿಯಲ್ಲಿ ಏನು ಬಂತು ಅಂತಲೂ ಹೇಳುವ ಮಟ್ಟಕ್ಕೆ ಬರುತ್ತೀರಿ.

ಟೆಲಿಪ್ರಾಂಪ್ಟರ್ ಅಂದರೆ ಕ್ಯಾಮೆರಾ ಎದುರೇ ಸ್ಕ್ರಿಪ್ಟ್ ತೋರಿಸುವ ಪರದೆ. ಅದನ್ನು ನಡೆಸುವವರು ನಿಮ್ಮ ವೇಗ ನೋಡಿಕೊಂಡು ಸಾಲುಗಳನ್ನು ಸರಿಸುತ್ತಾರೆ. ಬಹಳ ಜನ ಇದನ್ನು ತಿಳಿಯದೆ ಸಾಲುಗಳ ಹಿಂದೆ ಓಡುತ್ತಾರೆ. ನೀವು ನಿಂತರೆ ಅದೂ ನಿಲ್ಲುತ್ತದೆ. ಕೆಲಸ ಶುರುವಾಗುವ ಮೊದಲು ಆ ವ್ಯಕ್ತಿಯನ್ನು ಭೇಟಿಯಾಗಿ, ಎಲ್ಲಿ ಸ್ಕ್ರಿಪ್ಟ್ ಬಿಟ್ಟು ಸ್ವಂತ ಮಾತಾಡುತ್ತೀರಿ, ಯಾವ ಪದ ಬಂದಾಗ ಸ್ಕ್ರಿಪ್ಟ್‌ಗೆ ವಾಪಸ್ ಬರುತ್ತೀರಿ ಅಂತ ಹೇಳಿಡಿ. ಸ್ಕ್ರಿಪ್ಟ್‌ನಲ್ಲಿ ಪುಸ್ತಕದ ಭಾಷೆ ಇದ್ದರೆ ಮೊದಲೇ ನಿಮ್ಮ ಬಾಯಿಗೆ ಬರುವ ಮಾತಿಗೆ ಬದಲಿಸಿಕೊಳ್ಳಿ.

ರೆಕಾರ್ಡ್ ಆಗುವ ಕಾರ್ಯಕ್ರಮಗಳಲ್ಲಿ ಎಡಿಟರ್ ಬಗ್ಗೆಯೂ ಯೋಚಿಸಬೇಕು. ಅತಿಥಿಯ ಮಾತಿನ ಮೇಲೆ ನಿಮ್ಮ ಮಾತು ಬಿದ್ದರೆ ಅಲ್ಲಿ ಕತ್ತರಿಸಲು ಬರುವುದಿಲ್ಲ, ಎಷ್ಟೋ ಒಳ್ಳೆಯ ಕ್ಷಣಗಳು ಹೀಗೇ ಹೋಗಿಬಿಡುತ್ತವೆ. ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಒಂದು ಉಸಿರಿನಷ್ಟು ಜಾಗ ಬಿಡಿ. ಒಂದು ಗಂಟೆಯ ಕಂತಿಗೆ ಹಲವು ಗಂಟೆ ಚಿತ್ರೀಕರಣ ನಡೆಯುತ್ತದೆ, ಲೈಟ್ ಸರಿ ಮಾಡುತ್ತಾರೆ, ಮೈಕ್ ಬದಲಿಸುತ್ತಾರೆ, ಅದೇ ಸಾಲನ್ನು ಮತ್ತೆ ಹೇಳಿಸುತ್ತಾರೆ. ಸಭಿಕರು ಸುಸ್ತಾಗುತ್ತಾರೆ. ಆಗ ಬರುವ ವಿರಾಮದಲ್ಲಿ ಮೇಕಪ್ ಕುರ್ಚಿಗೆ ಓಡದೆ ಜನರ ಜೊತೆ ನಿಂತು ಮಾತಾಡಿದರೆ ಮುಂದಿನ ಭಾಗಕ್ಕೆ ಅದೇ ಉತ್ಸಾಹ ಉಳಿಯುತ್ತದೆ. ಸ್ಟ್ಯಾಂಡ್‌ಅಪ್ ಗೊತ್ತಿದ್ದವರಿಗೆ ಬೇರೆ ನಿರೂಪಕರಿಗಿಂತ ಇಲ್ಲಿ ಅನುಕೂಲ ಜಾಸ್ತಿ.

ನೇರ ಪ್ರಸಾರಕ್ಕೆ ಮಾತ್ರ ಒಂದು ಹೆಚ್ಚಿನ ಸಿದ್ಧತೆ ಬೇಕು. 30 ಸೆಕೆಂಡಿನ, ಒಂದು ನಿಮಿಷದ, ಮೂರು ನಿಮಿಷದ ತುಂಬುಮಾತುಗಳನ್ನು ಅಳೆದು ಇಟ್ಟುಕೊಂಡಿರಿ. ಯಾವಾಗ ಬೇಕಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶಸ್ತಿ ಸಮಾರಂಭಗಳು

ಇದು ಅತ್ಯಂತ ಕಷ್ಟದ ನಿರೂಪಣೆ. ಕ್ಲಬ್‌ಗೆ ಬಂದವರು ನಗಲು ಬಂದವರು. ಪ್ರಶಸ್ತಿ ಸಭೆಗೆ ಬಂದವರು ಗೆಲ್ಲಲು ಬಂದವರು. ಒಂದು ವಿಭಾಗದಲ್ಲಿ ಐವರು ನಾಮನಿರ್ದೇಶಿತರಿದ್ದರೆ ಪ್ರತಿ ಘೋಷಣೆಗೂ ನಾಲ್ವರು ಸೋಲುತ್ತಾರೆ. ಸಂಜೆ ಮುಂದುವರಿದ ಹಾಗೆ ಸಭಾಂಗಣದಲ್ಲಿ ಸೋತವರು ಹೆಚ್ಚುತ್ತಾ ಹೋಗುತ್ತಾರೆ, ನಗು ಕಡಿಮೆಯಾಗುತ್ತದೆ. ಹಾಗಾಗಿ ನಿಮ್ಮ ಗಟ್ಟಿ ಸರಕು ಮೊದಲ ಹತ್ತು ನಿಮಿಷದಲ್ಲೇ ಇರಲಿ. ಆಮೇಲೆ ಬರುವಾಗಲೆಲ್ಲ ಚಿಕ್ಕದಾಗಿ ಹೇಳಿ ಹೊರಡಿ. ಆಸ್ಕರ್ ಅನ್ನು 19 ಸಲ ನಿರೂಪಿಸಿದ ಹಾಸ್ಯನಟ ಬಾಬ್ ಹೋಪ್ ನಟನೆಗೆ ತನಗೆ ಪ್ರಶಸ್ತಿ ಬರಲೇ ಇಲ್ಲ ಅನ್ನುವುದನ್ನೇ ವರ್ಷಗಟ್ಟಲೆ ಜೋಕ್ ಮಾಡಿಕೊಂಡರು, ಸೋತವರ ಪಕ್ಕದಲ್ಲೇ ತಾವೂ ನಿಂತರು. 2014ರಲ್ಲಿ ಎಲೆನ್ ಆಸ್ಕರ್ ವೇದಿಕೆಯಿಂದ ಇಳಿದು ತಾರೆಯರ ನಡುವೆ ಹೋಗಿ ಎಲ್ಲರನ್ನೂ ಸೇರಿಸಿ ಸೆಲ್ಫಿ ತೆಗೆಸಿದರು. ಅವರು ಮಾಡಿದ್ದು ಕ್ಲಬ್ ಎಂಸಿ ಕೆಲಸವನ್ನೇ, ಸಭೆಯನ್ನು ಒಂದು ಗುಂಪು ಮಾಡುವುದು.

ನಿಮ್ಮ ಸ್ಟುಡಿಯೊದಲ್ಲಿ ಗೆದ್ದದ್ದು ದೊಡ್ಡ ಸಭಾಂಗಣದಲ್ಲಿ ಗೆಲ್ಲುತ್ತದೆ ಅಂತ ಹೇಳಲಾಗದು. ಲೆಟರ್‌ಮನ್ ಅಷ್ಟು ದೊಡ್ಡ ನಿರೂಪಕರು, 1995ರ ಆಸ್ಕರ್‌ನಲ್ಲಿ ಅವರ ರೀತಿ ಆ ಸಭೆಗೆ ಹೊಂದಲಿಲ್ಲ, ವರ್ಷಗಟ್ಟಲೆ ಜನ ಅದನ್ನೇ ಹೇಳಿದರು. 2024ರ ಗೋಲ್ಡನ್ ಗ್ಲೋಬ್ಸ್ ಪ್ರಶಸ್ತಿ ಸಮಾರಂಭಕ್ಕೆ ಸಿದ್ಧವಾಗಲು ಕಾಮಿಡಿಯನ್ ಜೋ ಕೋಯ್ ಅವರಿಗೆ ಸಿಕ್ಕ ಕಾಲಾವಕಾಶ ಹತ್ತು ದಿನದಷ್ಟು. ಜೋಕ್‌ಗಳು ಬೀಳತೊಡಗಿದಾಗ ಅವರು ವೇದಿಕೆಯ ಮೇಲೇ ಆ ಮಾತು ಎತ್ತಿದರು, ಜನ ನಕ್ಕ ಜೋಕ್‌ಗಳು ತಮ್ಮವು, ಉಳಿದವು ಬೇರೆಯವರು ಬರೆದವು ಅನ್ನುವ ಅರ್ಥದಲ್ಲೂ ಮಾತಾಡಿದರು. ಸಭೆ ಇನ್ನಷ್ಟು ಬಿಗಿಯಾಯಿತು. ಅವರ ಪರಿಸ್ಥಿತಿ ನಿಜಕ್ಕೂ ಕಷ್ಟದ್ದು, ನನಗೆ ಅವರ ಮೇಲೆ ಸಹಾನುಭೂತಿ ಇದೆ. ಆದರೆ ಯಾರು ಬರೆದರೂ ನಿಮ್ಮ ಬಾಯಿಂದ ಬಂದ ಮೇಲೆ ಆ ಜೋಕ್ ನಿಮ್ಮದೇ. ಬರೆದವರನ್ನು ವೇದಿಕೆಯ ಮೇಲೆ ಎಂದೂ ಬಿಟ್ಟುಕೊಡಬೇಡಿ. ಮುಂದಿನ ವರ್ಷ, 2025ರಲ್ಲಿ, ಅದೇ ಸಮಾರಂಭಕ್ಕೆ ಬಂದ ನಿಕ್ಕಿ ಗ್ಲೇಸರ್ ತನ್ನ ಆರಂಭದ ಮಾತುಗಳನ್ನು ಮೊದಲೇ ಕಾಮಿಡಿ ಕ್ಲಬ್‌ಗಳಲ್ಲಿ ಮತ್ತೆ ಮತ್ತೆ ಹೇಳಿ ತಿದ್ದಿಕೊಂಡಿದ್ದರು. ಪರದೆಯಲ್ಲಿ ನೋಡಿದವರಿಗೆ ಅದು ಸಲೀಸಾಗಿ ಬಂದ ಹಾಗೆ ಕಂಡಿತು. ದೊಡ್ಡ ಅವಕಾಶ ಬಂದಾಗ ಮಾಡಬೇಕಾದ್ದು ಇದೇ, ಚಿಕ್ಕ ಜಾಗಗಳಿಗೆ ವಾಪಸ್ ಹೋಗಿ ಜನರ ಮುಂದೆ ಪರೀಕ್ಷಿಸುವುದು.

ಇನ್ನು ಕಾರ್ಡ್. 2015ರ ಡಿಸೆಂಬರ್‌ನಲ್ಲಿ ಸ್ಟೀವ್ ಹಾರ್ವಿ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ಫಿಲಿಪ್ಪೀನ್ಸ್ ಬದಲು ಕೊಲಂಬಿಯಾದ ಹೆಸರು ಓದಿಬಿಟ್ಟರು. ಆ ಕಾರ್ಡ್‌ನಲ್ಲಿ ರನ್ನರ್‌ಅಪ್‌ಗಳ ಹೆಸರು ಎಡಗಡೆ ಇತ್ತು, ವಿಜೇತರ ಹೆಸರು ಕೆಳಗೆ ಬಲಗಡೆ ಮೂಲೆಯಲ್ಲಿ, ಕಾರ್ಡ್ ಹಿಡಿದ ಹೆಬ್ಬೆರಳು ಬರುವ ಜಾಗದಲ್ಲಿತ್ತು. ಕಿರೀಟ ಹಾಕಿ ಆದ ಮೇಲೆ ಹಾರ್ವಿ ಮತ್ತೆ ವೇದಿಕೆಗೆ ಬಂದು, ತಪ್ಪು ತನ್ನದು ಅಂತ ಒಪ್ಪಿಕೊಂಡು, ಕ್ಯಾಮೆರಾಗೆ ಕಾರ್ಡ್ ತೋರಿಸಿದರು. ಕಾರ್ಡ್ ವಿನ್ಯಾಸ ಮಾಡಿದವರನ್ನು ದೂರಲಿಲ್ಲ, ಕ್ಷಮೆ ಕೇಳಲು ಮರುದಿನದವರೆಗೆ ಕಾಯಲಿಲ್ಲ. ಮುಂದಿನ ವರ್ಷಗಳಲ್ಲೂ ಆ ಸ್ಪರ್ಧೆಗೆ ಅವರನ್ನೇ ಕರೆದರು. ನೀವು ಪಾಲಿಸಬೇಕಾದ್ದು ಇಷ್ಟು: ರಿಹರ್ಸಲ್‌ನಲ್ಲಿ ನಿಜವಾದ ಕಾರ್ಡ್‌ನ ನಮೂನೆಯನ್ನೇ ಕೈಗೆ ಕೊಡಿ ಅಂತ ಕೇಳಿ. ಹೆಸರು ಓದುವ ಮೊದಲು ಇಡೀ ಕಾರ್ಡ್ ಕಣ್ಣಾಡಿಸಿ. ಸಂಶಯ ಬಂದರೆ ನಿಲ್ಲಿಸಿ, ಪಕ್ಕದವರನ್ನು ಕರೆದು ಕೇಳಿ. ಐದು ಸೆಕೆಂಡ್ ತಡವಾದರೆ ಯಾರಿಗೂ ನೆನಪಿರುವುದಿಲ್ಲ.

ಗೇಮ್ ಶೋಗಳು

ಇಲ್ಲಿ ಎದುರಿಗಿರುವವರು ತಾರೆಯರಲ್ಲ, ಹೆದರಿಕೊಂಡಿರುವ ಸಾಮಾನ್ಯ ಜನ. ಡ್ರೂ ಕೇರಿ 2007ರಿಂದ 'ದಿ ಪ್ರೈಸ್ ಈಸ್ ರೈಟ್' ನಡೆಸುತ್ತಿದ್ದಾರೆ, ಹಾರ್ವಿ 2010ರಿಂದ 'ಫ್ಯಾಮಿಲಿ ಫ್ಯೂಡ್' ನಡೆಸುತ್ತಿದ್ದಾರೆ. ಹಾರ್ವಿಗೆ ಅಲ್ಲಿ ಬರುವ ನಗುವಿನಲ್ಲಿ ಅರ್ಧ ಪಾಲು ಮುಖಭಾವದ್ದೇ. ಸ್ಪರ್ಧಿ ಏನೋ ವಿಚಿತ್ರ ಉತ್ತರ ಕೊಡುತ್ತಾರೆ, ಇವರು ಸುಮ್ಮನೆ ಕ್ಯಾಮೆರಾ ನೋಡುತ್ತಾರೆ. ನಿಯಮಗಳನ್ನು ಪ್ರತಿ ಸಲ ಅದೇ ಸ್ಪಷ್ಟತೆಯಲ್ಲಿ ಹೇಳಿ, ಅವುಗಳ ಮಧ್ಯೆ ಜೋಕ್ ತುರುಕಬೇಡಿ, ದುಡ್ಡಿನ ವಿಷಯ ಬಂದಾಗ ಜನ ಗೊಂದಲ ಸಹಿಸುವುದಿಲ್ಲ.

ಕೆಲಸ ಪಡೆಯುವುದು, ಒಪ್ಪಂದ

ನಿಮ್ಮ ಕೆಲಸದ ತುಣುಕುಗಳನ್ನು ತೋರಿಸುವ ಎರಡು ಮೂರು ನಿಮಿಷದ ಒಂದು ರೀಲ್ ಮಾಡಿ. ಹಿನ್ನೆಲೆ ಸಂಗೀತ ಹಾಕಿ ಚಪ್ಪಾಳೆಯ ದೃಶ್ಯಗಳನ್ನು ಜೋಡಿಸಿದ ರೀಲ್‌ನಿಂದ ನಿರ್ಮಾಪಕರಿಗೆ ಏನೂ ತಿಳಿಯುವುದಿಲ್ಲ. ಒಬ್ಬರನ್ನು ಪರಿಚಯಿಸುವ ತುಣುಕು, ಒಬ್ಬರ ಜೊತೆ ಮಾತಾಡುವ ತುಣುಕು, ಏನೋ ಕೈಕೊಟ್ಟಾಗ ನೀವು ನಿಭಾಯಿಸಿದ ತುಣುಕು, ಇಷ್ಟನ್ನು ಕತ್ತರಿಸದೆ ಹಾಕಿ. ಆಡಿಷನ್‌ನಲ್ಲಿ ಬೇಕಂತಲೇ ಹೆಸರು ತಪ್ಪಾಗಿ ಕೊಡಬಹುದು, ಅತಿಥಿಯನ್ನು ಕೊನೆ ಗಳಿಗೆಯಲ್ಲಿ ಬದಲಿಸಬಹುದು. ನೀವು ಹೇಳುವ ಜೋಕ್‌ಗಿಂತ ನಿಮ್ಮ ಸಮಾಧಾನವನ್ನು ಅವರು ನೋಡುತ್ತಿರುತ್ತಾರೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಮುಖ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಆ ಅವಧಿಯಲ್ಲಿ ಬೇರೆ ಕಡೆ ಸ್ಟ್ಯಾಂಡ್‌ಅಪ್ ಮಾಡಬಹುದೇ? ಕಾರ್ಯಕ್ರಮದಲ್ಲಿ ಹೇಳಿದ ನಿಮ್ಮ ಸ್ವಂತ ಜೋಕ್‌ಗಳು ಯಾರ ಆಸ್ತಿ? ಸ್ಕ್ರಿಪ್ಟ್‌ನಲ್ಲಿ ನಿಮಗೆ ಒಪ್ಪಿಗೆಯಿಲ್ಲದ ಸಾಲು ತೆಗೆಸುವ ಹಕ್ಕು ಇದೆಯೇ? ಮೂರನೆಯದನ್ನು ಕೇಳಲು ಸಂಕೋಚಪಡಬೇಡಿ.

ಹಾಗೆಯೇ ನಿಮ್ಮನ್ನು ಬೆಳೆಸಿದವರಿಗೆ ಹೊಸ ಕೆಲಸದ ಸುದ್ದಿ ನಿಮ್ಮಿಂದಲೇ ಮೊದಲು ಹೋಗಲಿ. ಕಾಮಿಡಿಯನ್ ಜೋನ್ ರಿವರ್ಸ್ ಕಾರ್ಸನ್ ಕಾರ್ಯಕ್ರಮದಿಂದಲೇ ಮೇಲೆ ಬಂದವರು, 1983ರಿಂದ ಅವರ ರಜೆಯ ದಿನಗಳಲ್ಲಿ ಕಾಯಂ ಬದಲಿ ನಿರೂಪಕಿ. 1986ರಲ್ಲಿ ಬೇರೆ ವಾಹಿನಿಯಲ್ಲಿ ಅದೇ ಹೊತ್ತಿಗೆ ಸ್ವಂತ ಕಾರ್ಯಕ್ರಮ ಶುರುಮಾಡಿದರು. ಸುದ್ದಿ ಕಾರ್ಸನ್‌ಗೆ ಬೇರೆಯವರಿಂದ ತಲುಪಿತ್ತು. ಕಾರ್ಸನ್ ಅವರ ಜೊತೆ ಮತ್ತೆಂದೂ ಮಾತಾಡಲಿಲ್ಲ. ಆ ಕಾರ್ಯಕ್ರಮವೂ 1987ರಲ್ಲಿ ರಿವರ್ಸ್ ಕೈತಪ್ಪಿತು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ, ಹಗಲು ಹೊತ್ತಿನ ಟಾಕ್ ಶೋ ಮಾಡಿ 1990ರಲ್ಲಿ ಡೇಟೈಮ್ ಎಮ್ಮಿ ಅನ್ನುವ ಟಿವಿ ಪ್ರಶಸ್ತಿ ಗೆದ್ದರು, ಆಮೇಲೆ ರೆಡ್ ಕಾರ್ಪೆಟ್ ಸಂದರ್ಶನಗಳಿಗೆ ಹೊಸ ರೂಪ ಕೊಟ್ಟರು. ನನಗೆ ಈ ಇಡೀ ಪಟ್ಟಿಯಲ್ಲಿ ಅತ್ಯಂತ ಗೌರವ ಇರುವುದು ಅವರ ಮೇಲೆಯೇ.

ಸ್ಟ್ಯಾಂಡ್‌ಅಪ್ ಬಿಡಬೇಡಿ

ನಿರೂಪಣೆ ಸಿಕ್ಕ ಮೇಲೆ ವಾರದಲ್ಲಿ ಒಂದು ಸಂಜೆಯಾದರೂ ಕ್ಲಬ್‌ಗೆ ಹೋಗಿ. ಜೇ ಲೆನೊ 'ಟುನೈಟ್ ಶೋ' ನಡೆಸುತ್ತಿದ್ದ ಅಷ್ಟೂ ವರ್ಷ ಸ್ಟ್ಯಾಂಡ್‌ಅಪ್ ಮುಂದುವರಿಸಿದರು. ಟಿವಿ ಸಂಬಳವನ್ನು ಮುಟ್ಟದೆ ಸ್ಟ್ಯಾಂಡ್‌ಅಪ್ ದುಡ್ಡಿನಲ್ಲೇ ಬದುಕಿದೆ ಅಂತ ಅವರೇ ಹಲವು ಸಲ ಹೇಳಿದ್ದಾರೆ. ದುಡ್ಡಿನ ಭದ್ರತೆ ಒಂದು ಕಡೆ. ಅದಕ್ಕಿಂತ ದೊಡ್ಡ ಕಾರಣ, ಸ್ಟುಡಿಯೊದ ಜನ ನಿಮ್ಮನ್ನು ನೋಡಲೆಂದೇ ಬಂದವರು, ಫ್ಲೋರ್ ಮ್ಯಾನೇಜರ್ ಕೈ ಎತ್ತಿದರೆ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಯಾವ ಜೋಕ್ ನಿಜವಾಗಿ ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ. ಕ್ಲಬ್‌ನಲ್ಲಿ ಮುಖ ಗುರುತಿಸಿ ಕೊಡುವ ಪ್ರೀತಿ ಮೊದಲ ಒಂದೆರಡು ನಿಮಿಷ ಮಾತ್ರ, ಆಮೇಲೆ ಹೊಸ ಮಾತು ಹೇಳಲೇಬೇಕು.

ಹೋಗುವ ದಿನ ಪ್ರಚಾರ ಬೇಡ, ಮುಖ್ಯ ಕಲಾವಿದರ ಜಾಗವೂ ಬೇಡ. ಮಧ್ಯದಲ್ಲಿ ಹತ್ತು ನಿಮಿಷ ಕೇಳಿ, ಆ ವಾರ ಹೊಸದಾಗಿ ಬರೆದದ್ದನ್ನು ಮಾತ್ರ ಹೇಳಿ, ಎಂದಿನಂತೆ ರೆಕಾರ್ಡ್ ಮಾಡಿ. ನಿಮ್ಮದು ಮುಗಿದ ಮೇಲೆ ಉಳಿದವರ ಸೆಟ್‌ಗಳನ್ನೂ ಕೂತು ನೋಡಿ. ಚೆನ್ನಾಗಿ ಮಾಡಿದವರ ಹೆಸರು ಬರೆದುಕೊಂಡು ಸೋಮವಾರ ನಿಮ್ಮ ಕಾರ್ಯಕ್ರಮದ ಅತಿಥಿಗಳನ್ನು ಆರಿಸುವವರ ಕೈಗೆ ಕೊಡಿ.